ಗವರ್ನರುಗಳ ಗೋಡೆ

ಮನಿಲಾದಿಂದ ದೂರದ ತಲಹಿಬಾನ್ ಪ್ರಾಂತ್ಯದಲ್ಲಿ ಆಳುವವರ ಹೆಸರು ಕೆತ್ತುವುದಕ್ಕೂ ಸತ್ತವರ ಹೆಸರು ಕೆತ್ತುವುದಕ್ಕೂ ಇದ್ದದ್ದು ಒಂದೇ ಉಳಿ. ಅದು ಇಸ್ಯೊನದು. ಸ್ಮಶಾನದ ಗೇಟಿನೆದುರು ಅವನ ತಗಡಿನ ಅಂಗಡಿ. ಗೋರಿಕಲ್ಲು ಬೇಕಾದವರೆಲ್ಲ ಅಲ್ಲಿಗೇ ಬರುತ್ತಿದ್ದರು. ಆಗೊಮ್ಮೆ ಈಗೊಮ್ಮೆ ಗವರ್ನರ ಕಚೇರಿಯಿಂದಲೂ ಕರೆ ಬರುತ್ತಿತ್ತು. ಅಲ್ಲಿಯ ಹಜಾರದ ಗೋಡೆಯಲ್ಲಿ ಅಮೃತಶಿಲೆಯ ಮೇಲೆ ಪ್ರಾಂತ್ಯವನ್ನಾಳಿದವರ ಹೆಸರುಗಳಿದ್ದವು. ಪ್ರಮಾಣವಚನದ ದಿನ ಹೆಸರು, ಬಂದ ವರ್ಷ, ಒಂದು ಅಡ್ಡಗೆರೆ. ಗೆರೆಯಾಚೆಯ ಜಾಗ ಖಾಲಿ. ಎಷ್ಟು ಅವಧಿ ಆಳಿದರೂ ಒಬ್ಬನಿಗೆ ಒಂದೇ ಸಾಲು; ಕುರ್ಚಿ ಬಿಟ್ಟ ಮೇಲೆ ಅಲ್ಲಿ ಹೋದ ವರ್ಷ.

ಅಮೆರಿಕನ್ನರ ಕಾಲದಿಂದ ಎಣಿಸಿದರೆ ಸಾಲುಗಳು ಹತ್ತೊಂಬತ್ತು, ಮನೆತನಗಳು ಎರಡೇ. ಸಾಂತೆಲ್ಯಾನ್ ಬಿಟ್ಟರೆ ವಿಲ್ಯಾರಿಂಗ್, ವಿಲ್ಯಾರಿಂಗ್ ಬಿಟ್ಟರೆ ಸಾಂತೆಲ್ಯಾನ್. ಜನ ಓಟು ಹಾಕುತ್ತಿದ್ದರು ನಿಜ. ಆದರೆ ಆನೆ ನಡೆದದ್ದೇ ದಾರಿ. ಜಪಾನಿಯರ ಕಾಲದಲ್ಲಿ ಕೂತವನ ಹೆಸರನ್ನು ಯುದ್ಧ ಮುಗಿದ ವಾರವೇ ಕೆತ್ತಿ ತೆಗೆಸಿದ್ದರು. ಅಲ್ಲಿ ಕೈಯಾಡಿಸಿದರೆ ಕಲ್ಲು ಈಗಲೂ ಒರಟು.

ಹನ್ನೆರಡನೆಯ ಸಾಲಿನ ಕತೆಯೇ ಬೇರೆ. ೧೯೬೭ರಲ್ಲಿ ಹಿಲಾರಿಯೊ ಸಾಂತೆಲ್ಯಾನನ ಅವಧಿ ಮುಗಿಯಲು ಇನ್ನೂ ತಿಂಗಳುಗಳಿದ್ದಾಗಲೇ, ಅವನು ಹೋದ ವರ್ಷ ಕೆತ್ತುವಂತೆ ಇಸ್ಯೊನ ಅಪ್ಪನಿಗೆ ಚೀಟಿ ಬಂದಿತ್ತು. ದೊಡ್ಡವರ ವಿಷಯ ನಮಗೇಕೆ ಎಂದು ಅಪ್ಪ ಬಾಯಿ ಮುಚ್ಚಿಕೊಂಡು ಕೆತ್ತಿ ಬಂದ. ಒಂಬತ್ತನೆಯ ದಿನ ಹಿಲಾರಿಯೊನನ್ನು ಕೋಳಿ ಅಂಕದ ಕಟ್ಟೆಯ ಮೇಲೆ, ತೊಡೆಯ ಮೇಲೆ ಹುಂಜ ಇರುವಾಗಲೇ ಗುಂಡಿಟ್ಟು ಕೊಂದರು. ಅಂದಿನಿಂದ ಅಪ್ಪ ಇಗರ್ಜಿಗೆ ಹೋದರೂ ಪ್ರಸಾದಕ್ಕೆ ಬಾಯಿ ತೆರೆಯಲಿಲ್ಲ. ಸಾಯುವ ಹೊತ್ತಿಗೆ ಮಗನ ಕೈ ಹಿಡಿದು ಎರಡೇ ಮಾತು ಅಂದಿದ್ದ: "ಹೇಳ್ಬೇಕಿತ್ತು ಕಣೋ. ಆ ಮನುಷ್ಯನಿಗೆ ಹೋಗಿ ಹೇಳ್ಬೇಕಿತ್ತು."

೨೦೧೩ರ ಫೆಬ್ರವರಿಯಲ್ಲಿ ಕಚೇರಿಯ ಜವಾನ ತಂದುಕೊಟ್ಟ ಹಾಳೆಯನ್ನು ಇಸ್ಯೊ ಉಳಿ ಕೆಳಗಿಟ್ಟು ಎರಡು ಸಲ ಓದಿದ. 'ಅನ್ಸೆಲ್ಮೊ ವಿಲ್ಯಾರಿಂಗ್, ೨೦೧೦. ಅಡ್ಡಗೆರೆಯ ಮುಂದೆ ೨೦೧೩ ಎಂದು ಕೆತ್ತುವುದು.' ಅಷ್ಟೇ. ಅನ್ಸೆಲ್ಮೊ ಈಗಿನ ಗವರ್ನರ್. ಮೇ ತಿಂಗಳಲ್ಲಿ ಚುನಾವಣೆ. ಅವನೆದುರು ನಿಲ್ಲುವ ಗಂಡು ಯಾರೂ ಇರಲಿಲ್ಲ. ಊರಿನ ಪ್ರತಿ ಕಂಬದ ಮೇಲೂ ಅವನದೇ ಮುಖ ನಗುತ್ತಿತ್ತು. ಅಂಥವನು ಈ ವರ್ಷ ಕುರ್ಚಿ ಬಿಡುವುದೆಂದರೆ ಹೇಗೆ? ಹಾಳೆಯ ಕೆಳಗಿದ್ದ ಸಹಿ ವೈಸ್ ಗವರ್ನರ್ ಡೆಲ್ಫಿನ್‌ನದು. ಅನ್ಸೆಲ್ಮೊನ ತಮ್ಮನ ಮಗ. ದೊಡ್ಡಪ್ಪ ಎದೆನೋವೆಂದು ಡಾಕ್ಟರಿಗೆ ತೋರಿಸಲು ಮನಿಲಾಕ್ಕೆ ಹೋಗಿದ್ದಾಗ ಕಚೇರಿಯ ಕೆಲಸವೆಲ್ಲ ಅವನ ಕೈಯಲ್ಲಿತ್ತು. ದೊಡ್ಡಪ್ಪ ಸತ್ತರೆ ಕುರ್ಚಿಯೂ ಅವನದೇ.

ಹೆಂಡತಿ ಚೋಲೆಂಗ್ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದಳು. "ಕಚೇರೀಲಿ ಯಾಕೆ ಏನು ಅಂತ ಕೇಳ್ಬಾರ್ದಾ?"

"ಯಾರನ್ನ ಕೇಳ್ಲಿ? ಸಹಿ ಹಾಕಿದೋನನ್ನೇ? ನನಗೆ ಅನುಮಾನ ಬಂದಿದೆ ಸ್ವಾಮಿ, ನನ್ನ ಗೋರಿಕಲ್ಲು ನಾನೇ ಕೆತ್ಕೊಳ್ಲಾ ಅಂತಲಾ?"

"ಡೆಲ್ಫಿನ್ ಅಂಥೋನಲ್ಲ ಕಣ್ರೀ. ನಮ್ಮ ಮಗಳು ಪೆರ್ಲಿಟಾಗೆ ಟೈಫಾಯ್ಡ್ ಆದಾಗ ತನ್ನ ಜೀಪಲ್ಲೇ ಆಸ್ಪತ್ರೆಗೆ ಹಾಕ್ಕೊಂಡು ಹೋದೋನು ಅವನು."

"ಪೆರ್ಲಿಟಾ ಜ್ಞಾನಸ್ನಾನಕ್ಕೆ ತಲೆ ಮೇಲೆ ಕೈ ಇಟ್ಟೋನು ಗವರ್ನರ್. ಅವಳಿಗೆ ಧರ್ಮಪಿತ, ಅದಕ್ಕೇ ನನಗೆ ಕುಂಪಾರೆ. ಅವನ ಜೀವ ಹೋಗ್ತಿದೆ ಅಂತ ಗೊತ್ತಿದ್ದೂ ನಾನು ಸುಮ್ಮನಿರ್ಲಾ, ಅಪ್ಪನ ಥರ?"

ಚೋಲೆಂಗ್ ಹಾಳೆಯನ್ನು ಮಡಿಸಿ ಅವನ ಕೈಗಿಟ್ಟಳು. ಒಂದೇ ಒಂದು ಮಾತು ಕಚೇರಿಯ ಗುಮಾಸ್ತೆಯನ್ನು ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ಆ ಪ್ರಾಂತ್ಯದಲ್ಲಿ ಕೇಳುವುದೆಂದರೆ ನನಗೆ ಗೊತ್ತಾಗಿದೆ ಎಂದು ಸಾರಿದ ಹಾಗೆ. ಅಲ್ಲಿ ಹುಟ್ಟಿದವರು ಯಾರೂ ಕೇಳುವುದಿಲ್ಲ. ಇಸ್ಯೊ ಮೂರು ದಿನ ಊಟ ಸೇರದೆ ಒದ್ದಾಡಿದ.

ಸೋಮವಾರ, ಮನಿಲಾದಿಂದ ವಾಪಸಾಗಿದ್ದ ಗವರ್ನರ್ ಜನರನ್ನು ನೋಡುವ ದಿನ. ಹಜಾರದಲ್ಲಿ, ಅದೇ ಗೋಡೆಯ ಕೆಳಗೆ, ಸಾಲು ಬಾಗಿಲಾಚೆಗೂ ಬೆಳೆದಿತ್ತು. ಇಸ್ಯೊನ ಮುಂದಿದ್ದ ಮುದುಕಿ ಗಂಡನಿಗೆ ಶವಪೆಟ್ಟಿಗೆ ಕೇಳಿದಳು. "ಕೊಡ್ಸೋಣ ಅಜ್ಜಿ, ಒಳ್ಳೇ ಮರದ್ದೇ ಕೊಡ್ಸೋಣ," ಎಂದು ಅನ್ಸೆಲ್ಮೊ ಅವಳ ಬೆನ್ನು ಸವರಿದ. ಎಪ್ಪತ್ತರ ಹತ್ತಿರದ ದಪ್ಪ ಮನುಷ್ಯ, ಬೆವರಿದ ಕುತ್ತಿಗೆಗೆ ಕರವಸ್ತ್ರ. ಇಸ್ಯೊನನ್ನು ನೋಡಿ ಮುಖ ಅರಳಿಸಿದ. "ಏನು ಕುಂಪಾರೆ, ಯಾರಾದ್ರೂ ಸಾಯದೆ ನೀನು ಈ ಕಡೆ ಬರೋನಲ್ವಲ್ಲ."

ಇಸ್ಯೊ ಹಾಳೆ ಕೊಟ್ಟ. ಅನ್ಸೆಲ್ಮೊ ಓದಿದ. ತಲೆ ಎತ್ತಿ ಗೋಡೆಯ ಹನ್ನೆರಡನೆಯ ಸಾಲನ್ನು ನೋಡಿದ. ಮತ್ತೆ ಓದಿದ.

"ಇದನ್ನ ಯಾರ್ಯಾರಿಗೆ ತೋರಿಸ್ದೆ?"

"ಚೋಲೆಂಗ್‌ಗೆ ಬಿಟ್ರೆ ಯಾರಿಗೂ ಇಲ್ಲ, ಗೊಬ್." ಗವರ್ನರನ್ನು ಊರವರೆಲ್ಲ ಕರೆಯುತ್ತಿದ್ದದ್ದು ಹಾಗೆಯೇ.

"ಕೆತ್ಬೇಡ. ಕಾಫಿ ಕುಡ್ಕೊಂಡು ಹೋಗು." ಹಾಳೆಯನ್ನು ನಾಲ್ಕಾಗಿ ಮಡಿಸಿ ಅಂಗಿಯ ಜೇಬಿಗಿಟ್ಟುಕೊಂಡ. ಗುಮಾಸ್ತೆಯನ್ನು ಅವನೂ ಕರೆಯಲಿಲ್ಲ, ಏನೂ ಕೇಳಲಿಲ್ಲ. ಅವನೂ ಆ ಊರಿನವನೇ ತಾನೆ. ಸಾಲಿನಲ್ಲಿದ್ದ ಮುಂದಿನವನನ್ನು ನೋಡಿ, "ಬಾಪ್ಪ, ನಿನಗೇನು?" ಅಂದ.

ಇಸ್ಯೊ ಮನೆಗೆ ಬಂದು ಎರಡು ತಟ್ಟೆ ಅನ್ನ ಉಂಡ. ಹೊತ್ತ ಬಂಡೆ ಇಳಿಸಿದಷ್ಟು ಹಗುರವಾಗಿತ್ತು. ಅಪ್ಪನ ಪಟದ ಮುಂದೆ ಮೋಂಬತ್ತಿಯನ್ನೂ ಹಚ್ಚಿದ.

ಗುರುವಾರ ಮಧ್ಯಾಹ್ನ ಸೇತುವೆಯ ಬಳಿ ಡೆಲ್ಫಿನ್ ಎಳನೀರು ಕುಡಿಯಲೆಂದು ಜೀಪಿನಿಂದ ಇಳಿದಾಗ, ಬೈಕಿನಲ್ಲಿ ಬಂದ ಇಬ್ಬರು ಅವನ ತಲೆಗೆ ಮೂರು ಗುಂಡು ಹೊಡೆದು ಹೋದರು. ಎಳನೀರಿನವಳು ಅವರ ಮುಖ ನೋಡಿರಲಿಲ್ಲ. ಸೇತುವೆಯ ಮೇಲೆ ನಿಂತಿದ್ದ ಮೂವತ್ತು ಜನರಲ್ಲಿ ಯಾರೂ ನೋಡಿರಲಿಲ್ಲ. ಎಲ್ಲರಿಗಿಂತ ಹೆಚ್ಚು ಅತ್ತದ್ದು ಅನ್ಸೆಲ್ಮೊ. ಪೆಟ್ಟಿಗೆಯನ್ನು ತಬ್ಬಿಕೊಂಡವನನ್ನು ಬಿಡಿಸಲು ಪಾದ್ರಿಗಳೇ ಬರಬೇಕಾಯಿತು. ಆ ಕಣ್ಣೀರು ಸುಳ್ಳೆಂದು ಇಸ್ಯೊನಿಗೆ ಅನ್ನಿಸಲಿಲ್ಲ. ಅದೇ ಅವನನ್ನು ಹೆಚ್ಚು ಹೆದರಿಸಿತು. ತಪ್ಪು ಮಾಡಹೊರಟವನಿಗೆ ಶಿಕ್ಷೆಯಾಯಿತು ಎಂದು ತನಗೆ ತಾನೇ ಹೇಳಿಕೊಂಡ. ಡೆಲ್ಫಿನ್‌ನ ಗೋರಿಗೆ ರೊಂಬ್ಲೋನ್ ದ್ವೀಪದ ಬಿಳಿಕಲ್ಲೇ ಆಗಲಿ, ಖರ್ಚು ನೋಡಬೇಡ ಎಂದು ಗವರ್ನರನಿಂದ ಹೇಳಿಕೆ ಬಂತು.

ಶನಿವಾರ ಕಲ್ಲಿನ ಮೇಲೆ ಅಕ್ಷರ ಬರೆಯುತ್ತಿದ್ದಾಗ ಕಚೇರಿಯ ಗುಮಾಸ್ತೆ ಕ್ಲಾರಿಟಾ ಬಂದಳು. ಅತ್ತು ಅತ್ತು ಕಣ್ಣು ಊದಿದ್ದವು. ಕೈಯಲ್ಲೊಂದು ಹಾಳೆ. ಊರಿನ ಕಿರಿಯರೆಲ್ಲ ಹಿರಿಯರಿಗೆ ಅನ್ನುವಂತೆ ಅವಳೂ ಅವನನ್ನು ಮಾಂಗ್ ಎಂದಳು.

"ಮಾಂಗ್ ಇಸ್ಯೊ, ನನ್ನ ಮೇಲೆ ಬೇಜಾರಾಗ್ಬೇಡಿ. ಎರಡು ಹಾಳೆ ಕಳಿಸ್ಬೇಕಿತ್ತು. ಒಂದು ನನ್ನ ಫೈಲಲ್ಲೇ ಉಳ್ಕೊಂಡಿತ್ತು, ಇವತ್ತು ಸಿಕ್ತು."

ಅವನು ಓದಿದ. 'ಅದರ ಕೆಳಗೆ ಹೊಸ ಸಾಲು: ಅನ್ಸೆಲ್ಮೊ ವಿಲ್ಯಾರಿಂಗ್, ೨೦೧೩, ಅಡ್ಡಗೆರೆ.' ಅದೇ ತಾರೀಖು. ಅದೇ ಸಹಿ.

"ಇನ್ಮೇಲೆ ಒಂದೊಂದು ಅವಧಿಗೂ ಒಂದೊಂದು ಸಾಲು ಮಾಡ್ಸೋಣ ಅಂದಿದ್ರು ಡೆಲ್ಫಿನ್ ಸರ್," ಎಂದಳು ಅವಳು ಮೂಗೊರೆಸಿಕೊಳ್ಳುತ್ತ. "ದೊಡ್ಡಪ್ಪ ಗೆಲ್ಲೋದು ಗ್ಯಾರಂಟಿ, ಗೋಡೆ ಮೇಲೆ ಹೆಸರು ಎರಡು ಸಲ ಕಂಡ್ರೆ ಮಗು ಥರ ಖುಷಿ ಪಡ್ತಾರೆ, ಹೇಳ್ಬೇಡ, ಪ್ರಮಾಣವಚನದ ದಿನವೇ ನೋಡ್ಲಿ ಅಂದಿದ್ರು. ಈಗ ಅವರೇ ಇಲ್ಲ."

ಇಸ್ಯೊ ಕೂತಲ್ಲೇ ಕೂತ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಪ್ಪ ಬಾಯಿ ಮುಚ್ಚಿ ಒಬ್ಬನ ಸಾವಿಗೆ ಹೊಣೆಯಾದ. ಬಾಯಿ ಬಿಟ್ಟ ತಾನು ಅವನಿಗಿಂತ ಕೆಟ್ಟವನಾದ.

"ಮೊದಲನೇ ಹಾಳೆ ವಾಪಸ್ ಕೊಡ್ತೀರಾ? ಫೈಲಿಗೆ ಎರಡೂ ಬೇಕು."

"ಕಳೆದುಹೋಯ್ತು," ಎಂದ ಇಸ್ಯೊ. ಅವಳ ಮುಖವನ್ನು ಆಗ ಸರಿಯಾಗಿ ನೋಡಿದ. ಆ ಹಾಳೆ ಬರೆದ ಕೈ ಇವಳದು. ಗವರ್ನರ ಜೇಬಿನಲ್ಲಿರುವುದು ಇವಳ ಅಕ್ಷರ. ಅವನ ಕಣ್ಣಿಗೆ ಇವಳೂ ಡೆಲ್ಫಿನ್‌ನ ಸಂಚಿನವಳೇ. "ಮಗಳೇ, ಈ ಎರಡನೇ ಹಾಳೆ ವಿಷಯ ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ."

"ಹೇಳ್ಬೇಡ. ಮೊದಲನೇದೂ ನೀನು ಬರೆದಿಲ್ಲ. ಸೆಬುನಲ್ಲಿ ನಿನ್ನ ಅಕ್ಕ ಇದ್ದಾಳಲ್ವಾ? ನಾಳೆ ಬೆಳಗಿನ ಹಡಗಿಗೇ ಹೋಗು. ಯಾಕೆ ಅಂತ ಕೇಳ್ಬೇಡ."

ಅವಳು ಕೇಳಲಿಲ್ಲ. ಬಣ್ಣಗೆಟ್ಟ ಮುಖದಲ್ಲಿ ಎದ್ದು ಹೋದಳು. ಅರ್ಧ ಗಂಟೆಯೂ ಆಗಿರಲಿಲ್ಲ, ಗವರ್ನರ ಕಡೆಯವನೊಬ್ಬ ಅಂಗಡಿಯೊಳಗೆ ತಲೆ ಹಾಕಿದ. "ಆ ಹುಡುಗಿ ಯಾಕ್ ಬಂದಿದ್ಲು, ಮಾಂಗ್ ಇಸ್ಯೊ?"

"ಅವಳಜ್ಜಿಯ ಗೋರಿಕಲ್ಲು ಬಿರುಕು ಬಿಟ್ಟಿದ್ಯಂತೆ," ಎಂದ ಇಸ್ಯೊ, ಉಳಿಯಿಂದ ಕಣ್ಣೆತ್ತದೆ.

ಸೋಮವಾರ ಪೆಟ್ಟಿಗೆ ಇಳಿಸಿದ ಡೆಲ್ಫಿನ್‌ನ ಗೋರಿಯ ಗೂಡಿಗೆ ಕಲ್ಲು ಕೂರಿಸುವ ಮೊದಲು ಅವನು ಆ ಎರಡನೆಯ ಹಾಳೆಯನ್ನು ಮಡಿಸಿ ಕಲ್ಲಿನ ಹಿಂದಿಟ್ಟ. ಮೇಲೆ ಸಿಮೆಂಟು ಮೆತ್ತಿದ. ಸಂಬಂಧಿಕರೆಲ್ಲ ಹೋದ ಮೇಲೆ ಅನ್ಸೆಲ್ಮೊ ಒಬ್ಬನೇ ಹತ್ತಿರ ಬಂದು ಅವನ ಹೆಗಲ ಮೇಲೆ ಕೈಯಿಟ್ಟ. ಕೈ ಭಾರವಾಗಿತ್ತು, ಬೆಚ್ಚಗಿತ್ತು.

"ನಿನ್ನ ಋಣ ಮರೆಯೋಲ್ಲ ಕುಂಪಾರೆ. ಇಂಥದ್ದು ಇನ್ನೇನಾದ್ರೂ ಕಣ್ಣಿಗೆ ಬಿದ್ರೆ ಮೊದಲು ನನಗೇ ತೋರಿಸ್ಬೇಕು."

"ತೋರಿಸ್ತೀನಿ ಗೊಬ್," ಎಂದ ಇಸ್ಯೊ, ಕಲ್ಲಿನ ಅಂಚಿನ ಹಸಿ ಸಿಮೆಂಟನ್ನು ಹೆಬ್ಬೆರಳಿನಿಂದ ಒತ್ತಿ ಸರಿಮಾಡುತ್ತ.