ಡಾಡ್ಜ್ ಕಾರಿನ ಬಿಸಿಮುಳ್ಳು

ಮನೆಯ ಹಳೆಯ ಡಾಡ್ಜ್ ಕಾರಿಗೆ ನನ್ನ ಮೈದುನ ಕೊಟ್ರಬಸಪ್ಪ ಡೀಸೆಲ್ ಎಂಜಿನ್ ಹಾಕಿಸಿದ್ದು ಎಪ್ಪತ್ತೈದರ ಬೇಸಿಗೆಯಲ್ಲಿ. ಕಾರು ಓಡಿತು. ಸ್ಟಿಯರಿಂಗ್ ಮುಂದಿನ ಮೀಟರು ಫಲಕದ ಮುಳ್ಳುಗಳು ಮಾತ್ರ ಒಂದೂ ಅಲುಗಲಿಲ್ಲ.

"ಇವನ್ನ ಕಿತ್ತು ಟ್ರ್ಯಾಕ್ಟರ್ ಮೀಟರ್ ಕೂಡಿಸ್ತೀನಿ, ಅತ್ತಿಗಿ."

ಬೇಡ ಎಂದೆ. ಆ ಕಾರನ್ನು ಓಡಿಸುತ್ತಿದ್ದವರು ನನ್ನ ಗಂಡ. ಅವರು ಹೋದ ಮೇಲೆ ನಾನು ಬೇಕೆಂದು ಕೇಳಿದ್ದು ಅದೊಂದನ್ನೇ.

"ಆತು. ಸಿರುಗುಪ್ಪಕ್ಕ ಮದುವಿಗೆ ಹೋಗೂದ್ರಾಗ ನಡೀಬೇಕು. ಇಲ್ಲಾಂದ್ರ ಅಲ್ಲೇ ಕೀಳಸ್ತೀನಿ."

ಬಳ್ಳಾರಿಯ ಸತ್ಯನಾರಾಯಣಪೇಟೆಯ ನಮ್ಮ ಅಂಗಳದಲ್ಲಿ ಮೇಸ್ತ್ರಿ ಹೊನ್ನೂರಪ್ಪ ಕೆಲಸಕ್ಕೆ ಕೂತ. ಎಣ್ಣೆಯ ಒತ್ತಡ ತೋರಿಸುವ ನಳಿಕೆ ಹೊಸ ಎಂಜಿನ್ನಿನ ತೂತಿಗೆ ಹೊಂದುತ್ತಿರಲಿಲ್ಲ. ಲೇತಿನಲ್ಲಿ ಹಿತ್ತಾಳೆಯ ನಟ್ಟು ಕಡೆಸಿ ತಂದ. ಹಳೆಯ ಮೀಟರು ಆರು ವೋಲ್ಟಿನದು, ಹೊಸ ಬ್ಯಾಟರಿ ಹನ್ನೆರಡರದು. ನಡುವೆ ತಂತಿಯ ಸುರುಳಿ ಕೂಡಿಸಿ ಟ್ಯಾಂಕಿನ ಮುಳ್ಳನ್ನು ಎಬ್ಬಿಸಿದ. ಉಳಿದದ್ದು ನೀರಿನ ಬಿಸಿ ತೋರಿಸುವ ಮುಳ್ಳು. ಅದರ ಬೆನ್ನಿನಿಂದ ಎಂಜಿನ್ನಿಗೆ ಹೋಗುವ ಸಣ್ಣ ತಾಮ್ರದ ನಳಿಕೆ ತುಂಡಾಗಿತ್ತು.

"ನಾನ ಕತ್ತರಿಸಿದ್ದು, ಅಕ್ಕಾರ. ಎಂಜಿನ್ ಇಳಿಸುವಾಗ ಬರೇ ತಂತಿ ಅಂದ್ಕೊಂಡೆ. ಕತ್ತರಿಸಿದ ಕೂಡ್ಲೇ ದವಾಖಾನಿ ವಾಸನಿ ಬಂತು."

ನಾನು ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿದವಳು. "ಅದು ಈಥರ್. ಮೂವತ್ತೈದು ಡಿಗ್ರಿಗೇ ಕುದೀತೈತಿ. ಅದರ ಆವಿ ಒತ್ತಿದ್ರನ ಮುಳ್ಳು ಏಳೂದು."

"ಹಂಗಾದ್ರ ಬಳ್ಳಾರ್ಯಾಗ ನೆರಳಿಗಿಟ್ರೂ ಕುದೀತೈತಿ ಬಿಡ್ರಿ!"

ಗುಜರಿಯಿಂದ ಮುಖ ಒಡೆದ ಇನ್ನೊಂದು ಮೀಟರ್ ತಂದ. ಅದರ ನಳಿಕೆ ಎಲ್ಲೂ ತುಂಡಾಗಿರಲಿಲ್ಲ, ತುದಿಯ ಬುಂಡೆಯಲ್ಲಿ ಈಥರ್ ಹಾಗೇ ಇತ್ತು. ಅದನ್ನು ಕತ್ತರಿಸಿ ನಮ್ಮದಕ್ಕೆ ಬೆಸೆಯಬೇಕು. ಆದರೆ ಕತ್ತರಿಸಿದರೆ ಅದರ ಈಥರೂ ಹಾರಿಹೋಗುತ್ತದೆ.

"ತಣ್ಣಗಿಟ್ರ ಹಾರಂಗಿಲ್ಲ," ಎಂದೆ.

ಅವನು ಸೋಡಾ ಅಂಗಡಿಗೆ ಹೋಗಿ ಗೋಣಿಚೀಲದಲ್ಲಿ ಐಸುಗಡ್ಡೆ ತಂದ. ಒಡೆದು, ಕಲ್ಲುಪ್ಪು ಬೆರೆಸಿ, ನಳಿಕೆಯ ತುದಿಯ ಬುಂಡೆಯನ್ನು ಅದರಲ್ಲಿ ಹೂತ. ಬಕೀಟಿನ ಹೊರಮೈ ಬೆಳ್ಳಗಾಗುವವರೆಗೂ ಸುಮ್ಮನೆ ಕೂತ. ಆಮೇಲೆ ಕತ್ತರಿಸಿದ, ಎರಡು ತುದಿಗೂ ಹಿತ್ತಾಳೆಯ ತೋಳು ಏರಿಸಿದ, ಕಾದ ಕಬ್ಬಿಣವನ್ನು ಒಮ್ಮೆ ತಾಗಿಸಿ ತೆಗೆದ. ಹುಬ್ಬಿನಿಂದ ಬೆವರು ಇಳಿಯುತ್ತಿತ್ತು, ಕೈ ಅಲುಗಲಿಲ್ಲ. ಅಂಥ ಕೈ ನಾನು ಯಾವ ಪ್ರಯೋಗಶಾಲೆಯಲ್ಲೂ ನೋಡಿರಲಿಲ್ಲ. ವಾಸನೆ ಬರಲಿಲ್ಲ.

ಪರೀಕ್ಷೆಗೆ ಕುದಿಯುವ ನೀರು ಬೇಕೆಂದಾಗ ಅತ್ತೆ ಚನ್ನವೀರಮ್ಮ ಹಳೆಯ ಪಾತ್ರೆಯೊಂದನ್ನು ಹೊರಗಿಟ್ಟರು. "ಈಗ ಕಾರಿಗೂ ಎಸರಿಡ್ತೀರೇನು? ಆ ಪಾತ್ರಿ ಮತ್ತ ಅಡಿಗಿಮನಿಗೆ ತರಬ್ಯಾಡ್ರಿ."

ಬುಂಡೆ ನೀರಿಗಿಳಿಯಿತು. ಮುಳ್ಳು ನಿಧಾನವಾಗಿ ಎದ್ದು ಇನ್ನೂರ ಹತ್ತರ ಹತ್ತಿರ ನಿಂತಿತು; ಫ್ಯಾರನ್‌ಹೀಟ್ ಲೆಕ್ಕದಲ್ಲಿ ನೀರು ಕುದಿಯುವುದೂ ಅಲ್ಲೇ.

ಮದುವೆಗೆ ಹೊನ್ನೂರಪ್ಪನೇ ಕಾರು ಓಡಿಸಿದ. ಕೊಟ್ರಬಸಪ್ಪ ಟ್ರ್ಯಾಕ್ಟರ್ ಮೀಟರುಗಳನ್ನು ಡಿಕ್ಕಿಯಲ್ಲಿಟ್ಟುಕೊಂಡೇ ಬಂದಿದ್ದ. ಕುರುಗೋಡು ದಾಟಿದ ಮೇಲೆ ಮುಳ್ಳು ಇನ್ನೂರನ್ನು ಮೀರಿತು. ಹೊನ್ನೂರಪ್ಪ ಕಾರು ನಿಲ್ಲಿಸಿದ.

"ಲೇ, ಎಂಜಿನ್ ಸಪ್ಪಳ ಚಲೋನ ಐತಲ್ಲ! ನಿನ್ನ ಮುಳ್ಳು ಸುಳ್ಳು ಹೇಳ್ತೈತಿ. ನಡಿ."

"ಮುಳ್ಳಿನ ಮಾತು ಕೇಳೋಣ್ರಿ ಸಾವ್ಕಾರ್ರ. ಸುಳ್ಳಾದ್ರ ನಾನ ಕಿತ್ತು ಕೊಡ್ತೀನಿ."

ನಾನು ಸೆರಗು ಹಿಡಿದುಕೊಂಡು ಕೂತೆ. ಅವನು ಬಾನೆಟ್ ಎತ್ತಿದ. ಎಂಜಿನ್ ತಣಿಸುವ ಫ್ಯಾನಿನ ಬೆಲ್ಟ್ ಎಳೆಎಳೆಯಾಗಿ ಜೋತುಬಿದ್ದಿತ್ತು.

ಕೊಟ್ರಬಸಪ್ಪ ಬಗ್ಗಿ ನೋಡಿದ. "ಇನ್ನೊಂದು ಮೈಲಿ ಹೋಗಿದ್ರ ಹೊಸ ಎಂಜಿನ್ ಸುಟ್ಟು ಹೋಗ್ತಿತ್ತು," ಎಂದ. "ಟ್ರ್ಯಾಕ್ಟರ್ ಮೀಟರ್ ಟ್ರ್ಯಾಕ್ಟರಿಗೇ ಇರಲಿ, ಅತ್ತಿಗಿ."

ಡಿಕ್ಕಿಯಲ್ಲಿದ್ದ ಇನ್ನೊಂದು ಬೆಲ್ಟ್ ಹಾಕಿ, ನೀರು ತಣಿದ ಮೇಲೆ ಹೊನ್ನೂರಪ್ಪ ಮುಂದಿನ ಬಾಗಿಲು ತೆರೆದ. "ಮುಂದ ಬರ್ರಿ ಅಕ್ಕಾರ. ನಾ ದಾರಿ ನೋಡ್ತೀನಿ, ನೀವು ಮುಳ್ಳು ನೋಡ್ರಿ."

ಮುಂದೆ ಕೂತೆ. ಸಿರುಗುಪ್ಪದ ಗದ್ದೆಗಳು ಬರುವವರೆಗೂ ಮುಳ್ಳು ನೂರ ಎಂಬತ್ತನ್ನು ಬಿಟ್ಟು ಮೇಲೇಳಲಿಲ್ಲ.