ಒರೆಸುವ ಕೈ

ಕನ್ನಡಕದಂಗಡಿಯ ಯಜಮಾನನಿಗೆ ಒರೆಸುವುದೆಂದರೆ ಉಸಿರಾಡಿದಷ್ಟೇ ಸಲೀಸು. ನಲವತ್ತು ವರ್ಷ ಗಾಜು ಉಜ್ಜಿದ ಕೈಗೆ ಆ ಪಾಠವೊಂದೇ ಕಂಠಪಾಠ. ಅಂಗಿಯ ಜೇಬಿನಲ್ಲಿ ಸದಾ ಹಳದಿ ಬಣ್ಣದ ಮೆತ್ತನೆಯ ಬಟ್ಟೆ. ಮಾತಾಡುತ್ತ ಕನ್ನಡಕ ಒರೆಸುವನು, ಬಾಗಿಲ ಹಿಡಿ ಒರೆಸುವನು, ಉಂಡಾದ ಮೇಲೆ ನಾಯಿಯ ಮೂತಿಯನ್ನೂ ಒರೆಸುವನು.

"ನಿಮ್ಮ ಕೈಗೆ ಸಿಕ್ಕಿದ್ರೆ ಚಂದ್ರನ ಕಲೇನೂ ಉಳಿಯಲ್ಲ," ಎನ್ನುವಳು ಹೆಂಡತಿ.

ನಾಯಿಯನ್ನು ಅವಳು ಸಾಹೇಬ್ರು ಅಂತಲೇ ಕರೆಯುತ್ತಿದ್ದಳು. ಹನ್ನೊಂದು ವರ್ಷದ ಕಂದು ನಾಯಿ. ಬೊಗಳುವುದು ತನ್ನ ಅಂತಸ್ತಿಗೆ ತಕ್ಕದ್ದಲ್ಲವೆಂಬ ಗತ್ತು ಅದಕ್ಕೆ. ಹೇಳಬೇಕಾದ್ದೆಲ್ಲ ನಾಲಿಗೆಯಿಂದಲೇ: ಹಸಿವಾದರೆ ಯಜಮಾನನ ಮಣಿಕಟ್ಟು ನೆಕ್ಕುವುದು, ಬೇಸರವಾದರೆ ಕಿವಿ. ಅವನ ಕೈತುತ್ತಲ್ಲದೆ ಬೇರೆ ಮುಟ್ಟುತ್ತಿರಲಿಲ್ಲ. ಹಾಗಾಗಿ ಗಂಡಹೆಂಡಿರು ಅಂಗಡಿಗೆ ಒಂದು ತಿಂಗಳು ಬೀಗ ಜಡಿದು, ಸಮುದ್ರ ನೋಡಲೆಂದು ವ್ಯಾನಿನಲ್ಲಿ ಪಕ್ಕದ ದೇಶಕ್ಕೆ ಹೊರಟಾಗ ಹಿಂದಿನ ಸೀಟಿನಲ್ಲಿ ಸಾಹೇಬರೂ ಇದ್ದರು.

ಗಡಿಯಲ್ಲಿ ನಾಯಿಯ ಕಾಗದಕ್ಕೆ ಮುದ್ರೆ ಒತ್ತಿದ ಪಶುವೈದ್ಯೆ ಒಂದು ಎಚ್ಚರಿಕೆ ಕೊಟ್ಟಳು. ದಾರಿಯುದ್ದಕ್ಕೂ ಪೈನ್ ಮರಗಳಿವೆ. ಕೊಂಬೆಗಳಲ್ಲಿ ಹತ್ತಿಯುಂಡೆಯಂಥ ಗೂಡು ಕಂಡರೆ ಹುಷಾರು. ಇದು ಕಂಬಳಿಹುಳುಗಳು ನೆಲಕ್ಕಿಳಿಯುವ ಕಾಲ. ಒಂದರ ಬಾಲಕ್ಕೆ ಇನ್ನೊಂದು ತಲೆ ತಾಗಿಸಿ ಸಾಲಾಗಿ ಹೋಗುತ್ತವೆ. ನಾಯಿ ಮೂಸಿತೋ, ಅವುಗಳ ಕೂದಲು ಚುಚ್ಚಿ ನಾಲಿಗೆ ಬಾತು ಕಪ್ಪಾಗುತ್ತದೆ, ಕೆಲವೊಮ್ಮೆ ಜೀವವೇ ಹೋಗುತ್ತದೆ.

"ಹಾಗೇನಾದ್ರೂ ಆದ್ರೆ ಒರೆಸೋಕೆ ಮಾತ್ರ ಹೋಗ್ಬೇಡಿ. ಕೂದಲು ಮುರಿದು ವಿಷ ಇನ್ನೂ ಹರಡುತ್ತೆ. ಬೆಚ್ಚಗಿನ ನೀರು ಸುರಿದು, ತಕ್ಷಣ ಡಾಕ್ಟರ ಹತ್ರ ಓಡಿ."

ಹೆಂಡತಿ ಅಜ್ಜಿಯ ಪದ್ಯ ಕೇಳುತ್ತ ಬೆಳೆದವಳು. ತಾಳಕ್ಕೆ ಕೂರದ ಮಾತು ಅವಳ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ವ್ಯಾನು ಹತ್ತುವಷ್ಟರಲ್ಲಿ ಕಟ್ಟಿಯೇ ಬಿಟ್ಟಿದ್ದಳು:

"ಒರೆಸಬೇಡ, ಉಜ್ಜಬೇಡ,
ಉಗುರುಬೆಚ್ಚನೆ ನೀರು ಹೊಯ್ಯಿ,
ಕಾಯಬೇಡ, ಓಡಿ ಬಾ."

ಪಾತ್ರೆ ತೊಳೆಯುವಾಗ ಅದೇ, ಹಾಸಿಗೆ ಬಿಡಿಸುವಾಗಲೂ ಅದೇ.

"ಸಾಕು ಮಾಡೇ, ಕನಸಲ್ಲೂ ಕೇಳಿಸ್ತಿದೆ."

"ಕೇಳಿಸ್ಲಿ ಅಂತಾನೇ ಹಾಡೋದು. ನಿಮ್ಮ ಕೈ ನಂಗೆ ಗೊತ್ತಿಲ್ವಾ?"

ಅವನೇನು ಕಡಿಮೆ ಎಚ್ಚರವಾಗಿದ್ದನೇ? ಎತ್ತಿಗೆ ಕಟ್ಟುವ ಹಾಗೆ ನಾಯಿಗೊಂದು ಬಾಯಿಕುಕ್ಕೆ ಕೊಂಡು ಕಟ್ಟಿದ. ವ್ಯಾನು ನಿಲ್ಲಿಸಿದ ಕಡೆಯಲ್ಲೆಲ್ಲ ಕತ್ತು ನೋಯುವಷ್ಟು ಮರ ನೋಡಿ, ಆಮೇಲೆ ನಾಯಿಯನ್ನು ಇಳಿಸುತ್ತಿದ್ದ. ಸಮುದ್ರ ಇನ್ನು ಅರ್ಧ ದಿನದ ದಾರಿ ಎನ್ನುವ ಬೆಳಿಗ್ಗೆ ರಸ್ತೆಬದಿಯಲ್ಲಿ ನಿಂತರು. ಹತ್ತಿರದ ಮರಗಳಲ್ಲಿ ಗೂಡಿರಲಿಲ್ಲ. ನಾಯಿಗೆ ನೀರು ಕುಡಿಸಲು ಕುಕ್ಕೆ ಬಿಚ್ಚಿದ. ಹೆಂಡತಿ ಬಿಸಿ ಚಹಾದ ಲೋಟ ಅವನ ಕೈಗಿತ್ತಳು. ಆವಿ ಕನ್ನಡಕಕ್ಕೆ ಕವಿಯಿತು. ಅವನು ಕನ್ನಡಕ ತೆಗೆದು ಒರೆಸಿದ.

ಎರಡು ಉಸಿರಿನ ಕೆಲಸ. ಅಷ್ಟು ಹೊತ್ತು ಅವನ ಪಾಲಿಗೆ ಲೋಕವೆಲ್ಲ ನೀರಲ್ಲಿ ಕದಡಿದ ಬಣ್ಣ. ಕನ್ನಡಕ ಏರಿಸಿ ನೋಡಿದರೆ, ನಾಯಿ ಹಗ್ಗದ ತುದಿಯಲ್ಲಿ ತಲೆ ತಗ್ಗಿಸಿ ನಿಂತಿತ್ತು. ಮೂತಿಯ ಕೆಳಗೆ ಒಂದು ಕಂದು ದಾರ. ದಾರ ಹರಿದಾಡುತ್ತಿತ್ತು.

ಎಳೆದುಕೊಳ್ಳುವಷ್ಟರಲ್ಲಿ ನಾಯಿ ಮುಂಗಾಲಿನಿಂದ ಬಾಯಿ ಕೆರೆಯತೊಡಗಿತು. ನೊರೆ ಸುರಿಯಿತು. ಅವನು ಮಂಡಿಯೂರಿ ದವಡೆ ಹಿಡಿದ. ಹಳದಿ ಬಟ್ಟೆ ಆಗಲೇ ಕೈಯಲ್ಲಿತ್ತು, ನಾಲಿಗೆಗೆ ಒಂದೇ ಬೆರಳು ದೂರ.

ಹೆಂಡತಿ ಕಿರುಚಲಿಲ್ಲ. ಬೆನ್ನ ಹಿಂದೆ ನಿಂತು, ಅಜ್ಜಿ ಓದುತ್ತಿದ್ದ ರಾಗದಲ್ಲೇ ಶುರುಮಾಡಿದಳು: "ಒರೆಸಬೇಡ..."

ಅವನ ಕೈ ಗಾಳಿಯಲ್ಲೇ ನಿಂತಿತು. ಬಟ್ಟೆಯನ್ನು ದೂರ ಎಸೆದ.

ಅವಳು ಪಾತ್ರೆ ತೊಳೆಯುವ ರಬ್ಬರ್ ಕೈಗವಸು ತೊಟ್ಟಳು, ಅವನಿಗೂ ಕೊಟ್ಟಳು. ಕೆಟಲಿನ ನೀರಿಗೆ ತಣ್ಣೀರು ಬೆರೆಸಿ, ಮೊಣಕೈಗೆ ತಾಗಿಸಿ ನೋಡಿ, ನಾಯಿಯ ತಲೆ ಬಗ್ಗಿಸಿ ಹಿಡಿದಳು. ಅವನು ಹೊಯ್ದ. ಜೊಲ್ಲು ಗದ್ದದಿಂದ ಎಳೆಎಳೆಯಾಗಿ ಜೋತಿತ್ತು. ಮಗುವಿನ ಮೂಗು ಸುರಿಯುವುದನ್ನು ಕಂಡೂ ಒರೆಸದೆ ಕೂತ ಹಾಗಾಯಿತು ಅವನಿಗೆ. ಎಡಗೈ ತಾನಾಗಿ ಏಳುತ್ತಿತ್ತು. ಕೊನೆಗೆ ಅದನ್ನು ತನ್ನದೇ ಮೊಣಕಾಲ ಕೆಳಗೆ ಒತ್ತಿಟ್ಟುಕೊಂಡು ಬಲಗೈಯಲ್ಲಿ ನೀರು ಸುರಿದ.

ವ್ಯಾನು ಓಡಿಸಿದವಳು ಹೆಂಡತಿ. ಪ್ರತಿ ತಿರುವಿನಲ್ಲೂ, "ಕಾಯಬೇಡ, ಓಡಿ ಬಾ. ಕಾಯಬೇಡ, ಓಡಿ ಬಾ."

ಪಕ್ಕದ ಪಟ್ಟಣದ ವೈದ್ಯ ಮೊದಲು ಕೇಳಿದ್ದು ಒಂದೇ: "ಒರೆಸಿದ್ರಾ?"

"ಇಲ್ಲ."

"ಪುಣ್ಯ," ಎಂದು ಸೂಜಿ ಎತ್ತಿಕೊಂಡ. "ಎರಡು ದಿನ ಕಳೀಲಿ. ಆಮೇಲೆ ಹೇಳ್ತೀನಿ."

ಹೊರಗಿನ ಬೆಂಚಿನ ಮೇಲೆ ಅವನು ಅಂಗೈ ನೋಡುತ್ತ ಕೂತ. "ನಾನು ಕನ್ನಡಕ ಒರೆಸ್ತಿದ್ದೆ ಕಣೇ. ನನ್ನ ಕಣ್ಣಿಗೆ ಚೆಂದ ಕಾಣ್ಲಿ ಅಂತ ಅದರ ನಾಲಿಗೆ ಕಳೆದೆ."

"ಒರೆಸಿದ್ದೂ ಈ ಕೈಯೇ, ತಡಕೊಂಡಿದ್ದೂ ಈ ಕೈಯೇ," ಎಂದು ಅವಳು ಆ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. "ದೇವರು ಎರಡನ್ನೂ ನೋಡಿದ್ದಾನೆ. ಈಗ ಸುಮ್ನೆ ಕೂತ್ಕೊಳ್ಳಿ."

ಮೂರನೆಯ ದಿನ ವೈದ್ಯ ಅವರನ್ನು ಒಳಗೆ ಕರೆದ. ನಾಲಿಗೆಯ ಅಂಚಿನಲ್ಲಿ ಉಗುರಿನಷ್ಟು ಜಾಗ ಕಪ್ಪಾಗಿತ್ತು. "ಇಷ್ಟು ಉದುರಿ ಹೋಗುತ್ತೆ. ಉಳಿದಿದ್ದೆಲ್ಲ ಚೆನ್ನಾಗಿದೆ."

"ಸಾಹೇಬ್ರೇ, ನಮ್ಮ ಗುರುತು ಸಿಕ್ತಾ?" ಎಂದಳು ಹೆಂಡತಿ.

ಯಜಮಾನ ಕೈ ಚಾಚಿದ. ನಾಯಿ ಮೂಸಿತು, ಸ್ವಲ್ಪ ಯೋಚಿಸಿತು. ಬಾತ ನಾಲಿಗೆ ನಿಧಾನವಾಗಿ ಹೊರಬಂದು ಮಣಿಕಟ್ಟಿಗೆ ತಾಗಿತು.

"ಹಸಿವಂತೆ," ಎಂದ ಅವನು. ಬಗ್ಗಿ ಮುಖ ಕೊಟ್ಟ. ನಾಯಿ ಎಡಗಣ್ಣಿನ ಗಾಜಿನ ಮೇಲೆ ಅಡ್ಡಲಾಗಿ ಒಮ್ಮೆ ನೆಕ್ಕಿತು.

"ಅಯ್ಯೋ, ಒರೆಸ್ಕೊಳ್ರೀ! ಗಾಡಿ ಓಡಿಸ್ಬೇಕು ನೀವು."

ಅವನ ಕೈ ಜೇಬಿನವರೆಗೆ ಹೋಯಿತು. ಜೇಬಿಗೆ ಕೈ ಹಾಕಿ ವ್ಯಾನಿನ ಕೀಲಿ ತೆಗೆದು ಅವಳಿಗೆ ಕೊಟ್ಟ.

"ನೀನೇ ಓಡ್ಸು," ಎಂದ.

ಮಧ್ಯಾಹ್ನ ಸಮುದ್ರ ಬಂತು. ಅವನ ಬಲಗಣ್ಣಿಗೆ ಅದು ಅಲೆ ಅಲೆಯಾಗಿ ಕಂಡಿತು. ಎಡಗಣ್ಣಿಗೆ ಬರೀ ಬೆಳಕು ಕಂಡಿತು.