ಫಿಂಟನ್ ಪಾತ್ರಕ್ಕೆ ಸಿಕ್ಕ ಹುಡುಗ

ವಿನಿ ಟೀಚರ್ ನಾಲ್ಕನೆಯ ನಿರ್ದೇಶಕನನ್ನೂ ಒಲ್ಲೆ ಅಂದುಬಿಟ್ಟರು. ಡರ್ವ್ಲಾಗೆ ಕೈಕಾಲೇ ಆಡಲಿಲ್ಲ. ಐರ್ಲೆಂಡಿನ ಮೇಯೊ ಕರಾವಳಿಯ ಈ ಮುದುಕಿ ಜನ್ಮದಲ್ಲಿ ಬರೆದದ್ದು ಒಂದೇ ಕಾದಂಬರಿ. ಅದನ್ನು ಸಿನಿಮಾ ಮಾಡುತ್ತೇನೆಂದು ಡರ್ವ್ಲಾ ಹಟ ಹಿಡಿದು, ಡಬ್ಲಿನ್ನಿನ ಕೆಲಸ ಬಿಟ್ಟು, ಗಂಡನ ಹತ್ತಿರ ಬೈಸಿಕೊಂಡು, ವರ್ಷಗಟ್ಟಲೆ ಅಲೆದಿದ್ದಳು ಪುಣ್ಯಾತ್ಗಿತ್ತಿ. ನಿರ್ದೇಶಕ ಯಾರು ಅನ್ನುವುದಕ್ಕೆ ಟೀಚರದೇ ಕೊನೆಯ ಮಾತು, ಕರಾರೇ ಹಾಗಿತ್ತು. ಇವತ್ತು ಸಂಜೆಯೊಳಗೆ ಹೆಸರು ಕೊಡದಿದ್ದರೆ ಬಂಡವಾಳ ಹಾಕುವವರು ಕೈ ತೊಳೆದುಕೊಳ್ಳುತ್ತಾರೆ.

"ಲಂಡನ್ನಿನವನು ಹೆಣ ಕಾಯೋ ದೃಶ್ಯದಲ್ಲಿ ಪಿಟೀಲು ಬಾರಿಸಿಸ್ತೀನಿ ಅಂದ, ಬೇಡ ಅಂದ್ರಿ, ಸರಿ. ಡಬ್ಲಿನ್ನಿನವನು ಬರೀ ಹಸಿರು ಗುಡ್ಡ ತೋರಿಸ್ತಾನೆ ಅಂದ್ರಿ, ಅದೂ ಸರಿ. ಈ ಟೂಹಿಗೇನು ಬಂದಿದೆ ದೊಡ್ಡ ರೋಗ? ಪಕ್ಕದೂರಿನವನು, ಅವನಪ್ಪನೂ ದೋಣಿಯವನೇ!"

"ಒಳ್ಳೆ ಹುಡುಗ ಕಣೇ. ಕ್ಯಾಮೆರಾನ ಹೆಣದ ಹತ್ತಿರ ಇಡಲ್ಲ, ಅಡುಗೆಮನೇಲಿ ಬ್ರೆಡ್ಡಿಗೆ ಬೆಣ್ಣೆ ಸವರೋ ಹೆಂಗಸರ ಹತ್ತಿರ ಇಡ್ತೀನಿ ಅಂದ. ಅವನಷ್ಟು ಚೆನ್ನಾಗಿ ಯಾರೂ ತೆಗೆಯಲ್ಲ."

"ಮತ್ತೆ?"

"ಟೀ ಆರ್ತಾ ಇದೆ, ಕುಡಿ."

ಸುಡುಗಾಡು ಟೀ! ಯಾರಿಗೆ ಬೇಕಿತ್ತು ಅದು? ಡರ್ವ್ಲಾ ಅಳುವುದೊಂದು ಬಾಕಿ.

ಕಥೆ ಊರಿಗೆಲ್ಲ ಗೊತ್ತಿದ್ದದ್ದೇ. ಟೀಚರ ಒಬ್ಬನೇ ಮಗ ಫಿಂಟನ್, ಮೀಸೆ ಮೂಡುವ ವಯಸ್ಸಿನಲ್ಲಿ, ಏಡಿ ಹಿಡಿಯಲು ಕಡಲಿಗೆ ಹೋದವನು ಬರಲೇ ಇಲ್ಲ. ಹೆಣವೂ ಸಿಗಲಿಲ್ಲ. ಹೆಣವಿಲ್ಲದ ಮನೆಯಲ್ಲಿ ಊರವರು ರಾತ್ರಿಯಿಡೀ ಹೆಣದ ಪಕ್ಕ ಕೂರುವ ಜಾಗರಣೆ ಎಲ್ಲಿಂದ ಬರಬೇಕು, ಗೋರಿ ಎಲ್ಲಿಂದ ಬರಬೇಕು? ಅದಕ್ಕೇ ಟೀಚರ್ ಪುಸ್ತಕದಲ್ಲಿ ಮಗನನ್ನು ದಡಕ್ಕೆ ತಂದು, ನಡುಮನೆಯಲ್ಲಿ ಮಲಗಿಸಿ, ಸಾವಿನ ಮನೆಯ ಪದ್ಧತಿಯಂತೆ ಗಡಿಯಾರ ನಿಲ್ಲಿಸಿ, ಊರನ್ನೇ ಕರೆದು ಕೂರಿಸಿದರು. ಗೋಡೆಯ ಮೇಲಿನ ಒಂದೇ ಫೋಟೋದಲ್ಲಿದ್ದುದು ಚರ್ಚಿನಲ್ಲಿ ಮೊದಲ ಪ್ರಸಾದ ಪಡೆದ ದಿನದ ಏಳು ವರ್ಷದ ಪೋರ. ಆಮೇಲೆ ಕ್ಯಾಮೆರಾ ಕಂಡರೆ ಓಡಿಹೋಗುತ್ತಿದ್ದ ಪ್ರಾಣಿ, ಒಂದು ಫೋಟೋಗೂ ಸಿಕ್ಕಿರಲಿಲ್ಲ.

"ಫಿಂಟನ್ ಪಾತ್ರಕ್ಕೆ ಹುಡುಗನೂ ಸಿಕ್ಕಿದ್ದಾನೆ, ಟೀಚರ್. ಒಂದ್ಸಲ ನೋಡಿ, ನೀವೇ ಹೂಂ ಅಂತೀರಿ." ಡರ್ವ್ಲಾ ಚೀಲದಿಂದ ಫೋಟೋ ತೆಗೆದಳು.

"ತೋರಿಸಬೇಡ. ಬೇಡ ಅಂದ್ರೆ ಬೇಡ!" ಟೀಚರ್ ಮುಖ ಗೋಡೆಗೆ ತಿರುಗಿಸಿದರು.

ಮುಳುಗುವವಳಿಗೆ ವಿವೇಕ ಎಲ್ಲಿರುತ್ತೆ? ಡರ್ವ್ಲಾ ಎದ್ದು ಹೋಗಿ ಫೋಟೋವನ್ನು ಆ ಮುಖದ ಮುಂದೆಯೇ ಹಿಡಿದಳು.

ಟೀಚರ್ ನೋಡಿದರು. ಕೆಂಚು ಕೂದಲು, ಮೂಗಿನ ತುಂಬ ಚುಕ್ಕೆ, ಸೊಟ್ಟ ನಗು. ಕಣ್ಣು ಮುಚ್ಚಿದರು, ತೆರೆದರು, ಮತ್ತೆ ಬಿಗಿಯಾಗಿ ಮುಚ್ಚಿದರು. ಮೇಜಿನ ಅಂಚು ಹಿಡಿದುಕೊಂಡರು.

"ಏನಾಯ್ತು ಟೀಚರ್?"

"ಕಣ್ಣು ಮುಚ್ಚಿದ್ರೆ ಫಿಂಟನ್ ಬರ್ತಿದ್ದ ಕಣೇ, ದಿನಾ ಬರ್ತಿದ್ದ. ಈಗ ಅವನ ಬದಲು ಇವನು ಬರ್ತಿದ್ದಾನೆ."

ಡರ್ವ್ಲಾ ಗಡಬಡಿಸಿ ಫೋಟೋ ಚೀಲಕ್ಕೆ ತುರುಕಿದಳು. "ಅಯ್ಯೋ, ತಪ್ಪಾಯ್ತು ಟೀಚರ್. ಸ್ವಲ್ಪ ಹೊತ್ತು ಬಿಟ್ಟು ನೋಡಿ, ಬರ್ತಾನೆ."

ಟೀಚರ್ ಮತ್ತೆ ಕಣ್ಣು ಮುಚ್ಚಿ ಬಹಳ ಹೊತ್ತು ಕಾದರು. ಆಮೇಲೆ ಇಲ್ಲವೆಂದು ತಲೆಯಾಡಿಸಿದರು.

"ಟೂಹಿ ಹೆಸರೇ ಕಳಿಸು, ಹೋಗು," ಅಂದರು. "ಅವನ ಮುಖ ಕಾಯೋಕೇ ಎಲ್ಲರನ್ನೂ ಬೇಡ ಅಂದಿದ್ದೆ. ಇನ್ನು ಯಾರನ್ನ ಕಾಯೋದಿದೆ ನಾನು?"